ಯಾವ ನೋವಿನ ಮಾತ್ರೆ?

ಕೋವಿಡ್ ಗಲಾಟೆ ಮುಗಿದ ಮರುವರ್ಷ. ನಾನು ಆಗ ಟಿ. ನರಸೀಪುರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹೆರಿಗೆ ವಿಭಾಗದ ಕನ್ಸಲ್ಟೆಂಟ್. ಸರ್ಕಾರಿ ಸೇವೆಯಿಂದ ನಿವೃತ್ತಳಾಗಿ ಕೆಲವು ವರ್ಷ ಕಳೆದಿತ್ತು. ಮನೆ ನಂಜನಗೂಡಿನಲ್ಲಿ. ರಿಟೈರ್ ಆದಮೇಲೆ ಕಪಿಲಾ ನದಿಯ ಗಾಳಿ ಕುಡಿಯುತ್ತಾ ವರಾಂಡದಲ್ಲಿ ಕೂತು, ಓದದೆ ಬಿಟ್ಟ ಕಾದಂಬರಿಗಳನ್ನೆಲ್ಲ ಓದುತ್ತೇನೆ ಎಂದು ನಾನು ಬಹಳ ಕನಸು ಕಂಡಿದ್ದೆ. ಆದದ್ದೇನೆಂದರೆ, ವಾರಕ್ಕೆ ನಾಲ್ಕು ದಿನ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹಾರ್ನ್ ಹೊಡೆಯುತ್ತಾ ನರಸೀಪುರಕ್ಕೆ ಹೋಗುವುದು, ಸಂಜೆ ಅದೇ ಟ್ರ್ಯಾಕ್ಟರುಗಳ ಹಿಂದೆ ವಾಪಸ್ಸು ಬರುವುದು. ಹೆರಿಗೆ ಡಾಕ್ಟರುಗಳಿಗೆ ನಿವೃತ್ತಿ ಎಂಬುದಿಲ್ಲ. ಅವರ ಮಂಡಿಗಳು ಮಾತ್ರ ಮುಂಚೆಯೇ ರಾಜೀನಾಮೆ ಕೊಟ್ಟಿರುತ್ತವೆ.

ನನ್ನ ಕನ್ನಡದ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು, ಏಕೆಂದರೆ ಈ ಕೇಸಿನಲ್ಲಿ ನನಗೆ ಕೈಕೊಟ್ಟದ್ದು ಅದೇ. ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಕನ್ನಡ ಎಂಬುದು ಗೇಟಿನಾಚೆ, ಕಡಲೆಕಾಯಿ ಮಾರುವವನ ಹತ್ತಿರ ಮಾತ್ರ ಆಡುವ ಭಾಷೆ. ಮೆಡಿಕಲ್ ಕಾಲೇಜು ಸೇರಿದ ಮೇಲೆ ವಾರ್ಡಿನ ಆಯಾಗಳಿಂದ ನಾನು ಕನ್ನಡವನ್ನು ಮತ್ತೆ ಕಲಿತೆ. ವರ್ಷಗಳು ಉರುಳಿದ ಹಾಗೆ, ಬಸುರಿ ಹೆಂಗಸರ ಕನ್ನಡ ನನಗೆ ಪೂರ್ತಿ ಬರುತ್ತದೆ ಎಂಬ ಒಂದು ಧೈರ್ಯ ನನ್ನಲ್ಲಿ ಬೆಳೆದುಬಿಟ್ಟಿತ್ತು.

ಆ ಸೋಮವಾರ ಮುಡುಕುತೊರೆಯ ಆಚೆಯ ಒಂದು ಹಳ್ಳಿಯಿಂದ ರೂಪಾ ಎಂಬ ಹುಡುಗಿಯನ್ನು ಕರೆತಂದರು. ಇಪ್ಪತ್ತನಾಲ್ಕು ವಯಸ್ಸು, ಮೂವತ್ತೊಂದು ವಾರದ ಗರ್ಭ. ಇದು ಎರಡನೆಯ ಬಸಿರು. ಮೊದಲನೆಯದು ಆರನೇ ತಿಂಗಳಲ್ಲಿ ಹೋಗಿತ್ತು. ಹಳ್ಳಿಯ ಆಶಾ ಕಾರ್ಯಕರ್ತೆ ಹೊಟ್ಟೆ ಮುಟ್ಟಿ ನೋಡಿ, ‘ತಿಂಗಳಿಗೆ ತಕ್ಕಂತೆ ಬೆಳೆದಿಲ್ಲ’ ಎಂದು ಕಳಿಸಿದ್ದಳು. ಜೊತೆಗೆ ಅತ್ತೆ ಚಿಕ್ಕತಾಯಮ್ಮ ಬಂದಿದ್ದರು. ಗಟ್ಟಿಮುಟ್ಟಾದ ಹೆಂಗಸು, ಸೊಂಟದಲ್ಲಿ ಎಲೆಯಡಿಕೆ ಚೀಲ. ಸೊಸೆಯನ್ನು ‘ಕೂಸು’ ಎಂದೇ ಕರೆಯುತ್ತಿದ್ದರು. ಸೊಸೆ ಮಂಚದಿಂದ ಕಾಲು ಇಳಿಸಿದರೆ ಸಾಕು, ಚಪ್ಪಲಿ ತಂದು ಕಾಲ ಕೆಳಗೆ ಇಡುತ್ತಿದ್ದರು. ಇಂಥ ಅತ್ತೆಯನ್ನು ನಾನು ನೋಡಿದ್ದು ಕಡಿಮೆ.

ಸ್ಕ್ಯಾನ್ ಮಾಡಿದೆವು. ಮಗು ವಯಸ್ಸಿಗೆ ಸರಿಯಾಗಿ ಬೆಳೆದಿತ್ತು. ಕಡಿಮೆಯಿದ್ದದ್ದು ನೀರು. ಗರ್ಭಕೋಶದ ನಾಲ್ಕು ಮೂಲೆಗಳಲ್ಲಿ ನೀರಿನ ಆಳ ಅಳೆದು ಕೂಡಿಸುತ್ತೇವೆ, ಅದಕ್ಕೆ ಎಎಫ್ಐ ಎನ್ನುತ್ತಾರೆ. ಎಂಟು ಸೆಂಟಿಮೀಟರಿನ ಮೇಲಿದ್ದರೆ ನಿಶ್ಚಿಂತೆ, ಐದಕ್ಕಿಂತ ಕೆಳಗೆ ಇಳಿದರೆ ಗಾಬರಿ. ರೂಪಾಳದು ನಾಲ್ಕು.

ಈ ನೀರು ಎಲ್ಲಿಂದ ಬರುತ್ತದೆ ಎಂದು ಹೇಳಿದರೆ ಯಾರಿಗೂ ಇಷ್ಟವಾಗುವುದಿಲ್ಲ. ಆ ತಿಂಗಳುಗಳಲ್ಲಿ ಅದು ಬಹುಪಾಲು ಮಗುವಿನ ಮೂತ್ರವೇ.

‘ಥೂ, ಬುಡಿ ಡಾಕ್ಟ್ರಮ್ಮ,’ ಎಂದರು ಚಿಕ್ಕತಾಯಮ್ಮ. ‘ನಮ್ ಕೂಸಿನ್ ಕೂಸು ಅದ್ರೊಳ್ಗೇ ಈಜ್ತಾ ಕುಂತದಾ?’

‘ಎಲ್ಲರೂ ಅದರಲ್ಲೇ ಈಜಿ ಬಂದವರು. ನೀವೂ, ನಾನೂ.’

‘ನೀವ್ ಬಂದಿರ್ಬೋದು.’

ನನಗೆ ನಗು ಬಂತು. ಆ ವಾರ ನಾನು ನಕ್ಕದ್ದು ಅದೊಂದೇ ಸಲ ಇರಬೇಕು.

ಮಗು ಮೂತ್ರ ಮಾಡುತ್ತಿಲ್ಲ ಎಂದರೆ ಯಾಕೆ ಮಾಡುತ್ತಿಲ್ಲ? ಪುಸ್ತಕದಲ್ಲಿ ಇರುವ ಕಾರಣಗಳನ್ನು ಒಂದೊಂದಾಗಿ ನೋಡಿದೆವು. ನೀರು ಸೋರುತ್ತಿಲ್ಲ. ಮಗುವಿನ ಎರಡು ಕಿಡ್ನಿಯೂ ಸರಿಯಾಗಿವೆ. ಮಾಸಿನಿಂದ ರಕ್ತ ಚೆನ್ನಾಗಿ ಹರಿಯುತ್ತಿದೆ. ತಾಯಿಗೆ ಬಿಪಿ ಇಲ್ಲ, ಶುಗರ್ ಇಲ್ಲ. ಉಳಿದದ್ದು ಔಷಧಿ. ಕೆಲವು ನೋವುನಿವಾರಕಗಳು ಹೊಟ್ಟೆಯೊಳಗಿನ ಮಗುವಿನ ಮೂತ್ರ ನಿಲ್ಲಿಸುತ್ತವೆ. ಹಾಗಾಗಿ ನಾನು ರೂಪಾಳನ್ನು ಕೇಳಿದೆ:

‘ನೋವಿನ ಮಾತ್ರೆ ಏನಾದರೂ ತಗೊಂಡಿದ್ದೀಯೇನಮ್ಮ?’

ಹುಡುಗಿಯ ಮುಖ ಇಳಿದುಹೋಯಿತು. ಅತ್ತೆಯ ಕಡೆ ನೋಡಿ, ‘ಇಲ್ಲ ಮೇಡಂ’ ಎಂದಳು. ಚಿಕ್ಕತಾಯಮ್ಮ ಸ್ಟೂಲಿನಿಂದ ಎದ್ದೇ ನಿಂತರು.

‘ಏನಂತ ಕೇಳ್ತಿದ್ದೀರಿ? ನಾವು ಅಂತಾ ಮನೆಯೋರಲ್ಲ!’

ಒಂದು ಮಾತ್ರೆ ಕೇಳಿದ್ದಕ್ಕೆ ಮನೆತನ ಯಾಕೆ ಬಂತು ಎಂದು ನನಗೆ ಆಗ ತಿಳಿಯಲಿಲ್ಲ. ಈ ಜನಕ್ಕೆ ಏನು ಕೇಳಿದರೂ ಕೋಪ ಎಂದುಕೊಂಡು, ಕೇಸ್ ಶೀಟಿನಲ್ಲಿ ‘ಔಷಧಿ: ಕಬ್ಬಿಣ, ಕ್ಯಾಲ್ಸಿಯಂ ಬಿಟ್ಟು ಬೇರೆ ಇಲ್ಲ’ ಎಂದು ಬರೆಸಿ ಅಡ್ಮಿಟ್ ಮಾಡಿಕೊಂಡೆ.

ಆಮೇಲೆ ಶುರುವಾಯಿತು ನೀರು ತುಂಬಿಸುವ ಉತ್ಸವ. ನೀರು ಕಮ್ಮಿ ಎಂದರೆ ನೀರು ಕುಡಿಸಬೇಕು, ಅಷ್ಟೇ ತಾನೆ? ರೂಪಾಳ ಗಂಡ ಗೂಡ್ಸ್ ಆಟೋದಲ್ಲಿ ಎಳನೀರಿನ ಗೊನೆಯನ್ನೇ ಹೊತ್ತು ತಂದ. ಯಾರೋ ಬಾರ್ಲಿ ಗಂಜಿ ತಂದರು. ‘ಗ್ಲೂಕೋಸ್ ಆಕ್ಸಿ ಮೇಡಂ, ಎರಡು ಬಾಟ್ಲಿ ಆಕ್ಸಿ’ ಎಂದು ಬಂದವರೆಲ್ಲ ಸಲಹೆ ಕೊಟ್ಟರು. ನಾವೂ ಡ್ರಿಪ್ ಹಾಕಿದೆವು, ಸುಳ್ಳು ಯಾಕೆ ಹೇಳಲಿ. ಪಾಪ, ರೂಪಾ ಎದ್ದೆದ್ದು ಬಾತ್‌ರೂಮಿಗೆ ಹೋದದ್ದೇ ಬಂತು. ಬುಧವಾರದ ಸ್ಕ್ಯಾನಿನಲ್ಲಿ ಎಎಫ್ಐ ಮೂರೂವರೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಡಾಕ್ಟರ್ ಅನುಷಾ ಚುರುಕು ಹುಡುಗಿ. ಅವಳು ಹೇಳಿದಳು: ‘ಮೇಡಂ, ಇನ್ನು ಕಾಯೋದು ರಿಸ್ಕ್. ಮಗುವಿನ ಶ್ವಾಸಕೋಶ ಬಲಿಯೋಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಮಾಡಿಬಿಡೋಣ.’ ಅವಳು ಹೇಳಿದ್ದು ತಪ್ಪಲ್ಲ. ಆದರೆ ಮೂವತ್ತೊಂದು ವಾರದ ಮಗು ಎಂದರೆ ಒಂದೂವರೆ ಕೆಜಿ. ಎಷ್ಟು ವಾರ ಐಸಿಯುವಿನಲ್ಲಿರಬೇಕೋ, ಬದುಕಿದರೂ ಹೇಗೆ ಬದುಕುತ್ತದೋ. ಇಂಜೆಕ್ಷನ್ ಕೊಡಿ ಎಂದೆ. ಚಾಕು ಮಾತ್ರ ಈಗಲೇ ಬೇಡ, ಮಗುವಿನ ಹೃದಯವನ್ನು ಒಮ್ಮೆ ನೋಡಿಸೋಣ ಎಂದು ಗುರುವಾರ ಬೆಳಿಗ್ಗೆ ರೂಪಾಳನ್ನು ಮೈಸೂರಿಗೆ, ಫೀಟಲ್ ಎಕೋಗೆ ಕಳಿಸಿದೆ. ಹೊರಡುವ ಮುಂಚೆ ಮತ್ತೊಮ್ಮೆ, ಈ ಸಲ ಸ್ವಲ್ಪ ಜೋರಾಗಿಯೇ, ‘ನೋವಿನ ಮಾತ್ರೆ ನುಂಗಿಲ್ಲ ತಾನೆ?’ ಎಂದು ಕೇಳಿದೆ. ಚಿಕ್ಕತಾಯಮ್ಮ ಸೆರಗು ಬಾಯಿಗೊತ್ತಿಕೊಂಡು ಆಂಬುಲೆನ್ಸ್ ಹತ್ತಿದರು.

ಮಧ್ಯಾಹ್ನಕ್ಕೆ ಮೈಸೂರಿನಿಂದ ಫೋನು. ಆ ಸ್ಪೆಷಲಿಸ್ಟ್ ಒಂದು ಕಾಲದಲ್ಲಿ ನನ್ನ ಕೈಕೆಳಗೆ ಹೌಸ್ ಸರ್ಜನ್ ಆಗಿದ್ದವನು.

‘ಮೇಡಂ, ಡಕ್ಟಸ್ ಕಿರಿದಾಗಿದೆ. ಹೃದಯದ ಬಲಭಾಗ ಒದ್ದಾಡ್ತಿದೆ. ಆಕೆ ಏನು ನುಂಗ್ತಿದ್ದಾಳೆ?’

‘ಏನೂ ಇಲ್ಲ ಅಂತಾರಪ್ಪ.’

‘ಇಂಪಾಸಿಬಲ್ ಮೇಡಂ. ಏನೋ ನುಂಗ್ತಿದ್ದಾಳೆ. ಅದನ್ನ ಹುಡುಕಿ. ನಾಳೆ ಬೆಳಿಗ್ಗೆಗೆ ಇಲ್ಲಿ ಐಸಿಯು ಬೆಡ್ ಇಟ್ಟಿರ್ತೀನಿ. ಕಾರಣ ಸಿಗದಿದ್ದರೆ ಮಗು ತೆಗೀಲೇಬೇಕಾಗುತ್ತೆ.’

ಡಕ್ಟಸ್ ಎಂದರೇನು ಎಂದು ಇಲ್ಲಿ ಹೇಳಬೇಕು. ಹೊಟ್ಟೆಯೊಳಗಿನ ಮಗು ಉಸಿರಾಡುವುದಿಲ್ಲ, ಆದ್ದರಿಂದ ಅದರ ರಕ್ತಕ್ಕೆ ಶ್ವಾಸಕೋಶದ ದಾರಿ ಬೇಕಿಲ್ಲ. ಹೃದಯದಿಂದ ಹೊರಟ ರಕ್ತ ಒಂದು ಪುಟ್ಟ ಅಡ್ಡದಾರಿ ಹಿಡಿದು ಮೈಗೆ ಹೋಗುತ್ತದೆ. ಆ ಅಡ್ಡದಾರಿಯೇ ಡಕ್ಟಸ್. ಹುಟ್ಟಿದ ಮೇಲೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ಹುಟ್ಟುವ ಮುಂಚೆಯೇ ಮುಚ್ಚಿಕೊಂಡರೆ ಹೃದಯ ಸೋಲುತ್ತದೆ.

ಅದನ್ನು ತೆರೆದಿಡುವುದು ಯಾವುದು? ಒಂದು ಕೊಬ್ಬು. ಕೊಬ್ಬು ಎಂದರೆ ನಮಗೆ ತುಪ್ಪ, ಎಣ್ಣೆ, ಸೊಂಟದ ಸುತ್ತಳತೆ, ಅಷ್ಟೇ. ಆದರೆ ನಮ್ಮ ಮೈಯ ಪ್ರತಿಯೊಂದು ಜೀವಕೋಶಕ್ಕೂ ಕೊಬ್ಬಿನದೇ ಗೋಡೆ. ಪಕ್ಕದ ಕೋಶಕ್ಕೆ ಏನಾದರೂ ಹೇಳಬೇಕಾದಾಗ ಕೋಶ ತನ್ನ ಗೋಡೆಯಿಂದಲೇ ಒಂದು ಚೂರು ಕಿತ್ತು, ತಿದ್ದಿ, ಆಚೆಗೆ ಬಿಡುತ್ತದೆ. ಅದೇ ಪ್ರೊಸ್ಟಗ್ಲಾಂಡಿನ್. ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯವರಿಗೆ ಕೂಗಿ ಹೇಳಿದ ಹಾಗೆ, ದೂರ ಹೋಗುವ ಸುದ್ದಿಯಲ್ಲ, ಕ್ಷಣದಲ್ಲಿ ಅಳಿಸಿಹೋಗುತ್ತದೆ. ಕೇಳಿಸಿಕೊಳ್ಳುವ ಕಿವಿಗೆ ರಿಸೆಪ್ಟರ್ ಎನ್ನುತ್ತೇವೆ. ಒಂದೊಂದು ಜಾಗದಲ್ಲಿ ಒಂದೊಂದು ಥರದ ಕಿವಿ. ಡಕ್ಟಸ್‌ನಲ್ಲಿರುವ ಇಪಿ-ಫೋರ್ ಎಂಬ ರಿಸೆಪ್ಟರಿಗೆ ಈ ಸುದ್ದಿ ಮುಟ್ಟಿದರೆ ‘ತೆರೆದಿರು’ ಎಂದರ್ಥ. ಮಗುವಿನ ಕಿಡ್ನಿಯಲ್ಲಿ ‘ರಕ್ತ ಬಿಡು’ ಎಂದರ್ಥ. ಅದೇ ಮನೆತನದ ಸುದ್ದಿ ತಾಯಿಯ ಗರ್ಭಕೋಶದಲ್ಲಿ ಬೇರೆ ರಿಸೆಪ್ಟರಿಗೆ ಮುಟ್ಟಿದರೆ ‘ಹಿಂಡು’ ಎಂದರ್ಥ, ಹೆರಿಗೆ ನೋವು ಶುರುವಾಗುತ್ತದೆ. ಉಳುಕಿದ ಕಾಲಿನಲ್ಲಿ ಮುಟ್ಟಿದರೆ ನೋವು, ಊತ. ಡೈಕ್ಲೋಫೆನಾಕ್‌ನಂಥ ನೋವುನಿವಾರಕಗಳು ಈ ಸುದ್ದಿ ತಯಾರಾಗುವ ಜಾಗಕ್ಕೇ ಬೀಗ ಹಾಕುತ್ತವೆ. ಕಾಲಿನ ನೋವು ಹೋಗುತ್ತದೆ. ಜೊತೆಗೆ ಉಳಿದ ಸುದ್ದಿಗಳೂ ಹೋಗುತ್ತವೆ. ಒಳಗಿನ ಮಗುವಿನ ಮೂತ್ರ ನಿಲ್ಲುತ್ತದೆ, ಡಕ್ಟಸ್ ಮುದುಡುತ್ತದೆ.

ರೂಪಾಳ ಮಗುವಿನಲ್ಲಿ ಆದದ್ದು ಇವೆರಡೂ. ಉತ್ತರ ಕಣ್ಣೆದುರೇ ಇತ್ತು, ಮಾತ್ರೆ ಮಾತ್ರ ಇರಲಿಲ್ಲ!

ಮೈಸೂರಿನಿಂದ ಅವರು ವಾಪಸ್ಸು ಬಂದಾಗ ಮೂರು ಗಂಟೆ. ನಾನು ರೂಪಾಳ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ. ಬಹಳ ನಯವಾಗಿ, ನಮ್ಮ ಕಾನ್ವೆಂಟಿನ ಸಿಸ್ಟರುಗಳ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಕೇಳಿದೆ. ‘ನೋಡಮ್ಮ, ನಾನು ಬೈಯೋದಿಲ್ಲ. ಮಗುವಿನ ಜೀವದ ಪ್ರಶ್ನೆ. ನೋ-ವಿ-ನ ಮಾ-ತ್ರೆ, ಒಂದಾದರೂ?’

ರೂಪಾ ಗೋಡೆಗೆ ತಿರುಗಿ ಅತ್ತಳು. ಚಿಕ್ಕತಾಯಮ್ಮ ಸೊಸೆಯ ಬೆನ್ನ ಮೇಲೆ ಕೈಯಿಟ್ಟು ನನ್ನನ್ನು ದುರುಗುಟ್ಟಿ ನೋಡಿದರು.

‘ಡಾಕ್ಟ್ರಮ್ಮ, ದೇವ್ರಾಣೆಗೂ ಕೊಟ್ಟಿಲ್ಲ ಅಂತ ಎಷ್ಟ್ ಸಲ ಏಳಾದು? ಇನ್ನೊಂದ್ಸಲ ಆ ಮಾತು ಎತ್ತುದ್ರೆ ಕೂಸ್ನ ಕರ್ಕೊಂಡು ಓಗ್ಬುಡ್ತೀನಿ.’

ಫಾರ್ ಹೆವನ್ಸ್ ಸೇಕ್! ನನಗೆ ಆ ಕ್ಷಣ ಅನಿಸಿದ್ದನ್ನು ಬರೆಯುವುದು ಈ ವಯಸ್ಸಿಗೆ ಶೋಭಿಸುವುದಿಲ್ಲ. ಇಷ್ಟು ವರ್ಷ ಈ ಜನರ ಮಕ್ಕಳನ್ನು ಹೆರಿಸಿದ ಮೇಲೂ ನನ್ನ ಮುಂದೆಯೇ ಸುಳ್ಳು ಹೇಳುತ್ತಾರಲ್ಲ, ನಾಳೆ ಬೆಳಿಗ್ಗೆ ಆ ಮಗುವನ್ನು ಕಾಯಿಯಲ್ಲೇ ಕೀಳಬೇಕಲ್ಲ ಎಂಬ ಸಿಟ್ಟಿನಲ್ಲಿ ಸ್ಟೂಲಿನಿಂದ ದಡಕ್ಕನೆ ಎದ್ದೆ. ಎದ್ದ ರಭಸಕ್ಕೆ ಎಡಮಂಡಿ ಹಿಡಿದುಕೊಂಡಿತು. ‘ಅಯ್ಯಮ್ಮಾ’ ಎಂದು ಮಂಚದ ಕಂಬಿ ಹಿಡಿದು ಬಗ್ಗಿದೆ.

ಚಿಕ್ಕತಾಯಮ್ಮನ ಮುಖದ ಮೇಲಿನ ಕೋಪ ಎಲ್ಲಿ ಹೋಯಿತೋ. ಬಂದು ನನ್ನ ತೋಳು ಹಿಡಿದು ಮತ್ತೆ ಕೂರಿಸಿದರು.

‘ಮಂಡಿಯಾ? ನಂದೂ ಇಂಗೇ ಕನವ್ವ, ಎದ್ರೆ ಕೂರಕ್ಕಾಗಲ್ಲ, ಕೂತ್ರೆ ಏಳಕ್ಕಾಗಲ್ಲ. ತಡೀರಿ.’ ಎಲೆಯಡಿಕೆ ಚೀಲಕ್ಕೆ ಕೈಹಾಕಿ, ಸುಣ್ಣದ ಡಬ್ಬಿಯ ಅಡಿಯಿಂದ ಒಂದು ಮಾತ್ರೆಯ ಸ್ಟ್ರಿಪ್ ತೆಗೆದರು. ‘ಒಂದ್ ನುಂಗಿ. ಮಂಡಿ ಮಾತ್ರೆ. ಅರ್ಧ ಗಂಟೆಗೆ ಉಸ್ ಅಂತ ಬುಟ್ಬುಡ್ತದೆ. ನಮ್ ಕೂಸೂ ಸೊಂಟ ಇಡ್ಕಂಡು ನರಳಿದ್ರೆ ಇದ್ನೇ ಕೊಡಾದು, ಬೆಳಿಗ್ಗೆ ಒಂದು, ರಾತ್ರಿ ಒಂದು.’

ನಾನು ಸ್ಟ್ರಿಪ್ ತಿರುಗಿಸಿ ಓದಿದೆ. ಡೈಕ್ಲೋಫೆನಾಕ್.

‘ಯಾವಾಗಿಂದ?’

‘ಒಂದು ತಿಂಗ್ಳಾಗಿರ್ಬೋದು. ಯಾಕೆ?’

‘ಇಲ್ಲಿಗೆ ಬಂದ ಮೇಲೂ?’

‘ಇಲ್ಲಿ ಮಂಚ ಗಟ್ಟಿ, ಇನ್ನೂ ನೋವು ಜಾಸ್ತಿ ಅಂತಿತ್ತು. ಕೊಡ್ದೆ ಇರಕ್ಕಾಗ್ತದಾ?’

ನಾವು ಒಂದು ಕೈಯಲ್ಲಿ ಡ್ರಿಪ್ ಹಾಕುತ್ತಿದ್ದೆವು. ಇನ್ನೊಂದು ಕೈಯಲ್ಲಿ ಅತ್ತೆ ಪ್ರೀತಿಯಿಂದ ಮಾತ್ರೆ ಕೊಡುತ್ತಿದ್ದರು. ನನ್ನದೇ ವಾರ್ಡಿನಲ್ಲಿ, ನನ್ನದೇ ಮೂಗಿನ ಕೆಳಗೆ!

‘ಚಿಕ್ಕತಾಯಮ್ಮ,’ ಎಂದೆ, ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. ‘ನಾನು ಮೂರು ಸಲ ಕೇಳಿದೆ. ಮೂರು ಸಲ!’

‘ನೀವ್ ಕೇಳಿದ್ದು ನೋವಿನ್ ಮಾತ್ರೆ. ಇದು ಮಂಡಿ ಮಾತ್ರೆ.’

‘ಮಂಡಿ ನೋವಿಗೆ ತಾನೆ ನುಂಗೋದು?’

‘ಅದು ಸರಿ. ಆದ್ರೆ ಬಸ್ರಿ ಎಣ್ಣಿಗೆ ನೋವಿನ್ ಮಾತ್ರೆ ಕೊಟ್ರಾ ಅಂದ್ರೆ ಏನರ್ಥ? ನೋವು ಬರ್ಸಾ ಮಾತ್ರೆ. ತೆಗ್ಸಾ ಮಾತ್ರೆ.’ ಸೊಸೆಯ ಹೊದಿಕೆ ಸರಿಮಾಡುತ್ತಾ ಮುಂದುವರಿಸಿದರು. ‘ಓದ್ಸಲ ಆರ್ ತಿಂಗ್ಳಿಗೆ ನೋವು ಬಂದು ಕೂಸು ಓಯ್ತಲ್ಲ, ಎಣ್ಣು ಅಂತ ಗೊತ್ತಾಗಿ ನಾನೇ ನೋವಿನ್ ಮಾತ್ರೆ ಕೊಟ್ಟು ಕಳೆದೆ ಅಂತ ಬೀದಿಲೆಲ್ಲ ಆಡ್ಕಂಡ್ರು. ಈಗ ಓದಿರೋ ನೀವೂ ಅದ್ನೇ ಕೇಳ್ತೀರಲ್ಲ ಅಂತ ನನ್ ಒಟ್ಟೆ ಉರ್ದೋಯ್ತು.’

ಬಸುರಿಗೆ ನೋವು ಎಂದರೆ ಒಂದೇ ನೋವು. ‘ನೋವು ಬಂತಾ?’ ಎಂದು ಲೇಬರ್ ವಾರ್ಡಿನಲ್ಲಿ ದಿನಕ್ಕೆ ಹತ್ತು ಸಲ ಕೇಳುವವಳು ನಾನೇ. ಅದೇ ಬಾಯಲ್ಲಿ ‘ನೋವಿನ ಮಾತ್ರೆ’ ಎಂದಿದ್ದೆ. ವಿಚಿತ್ರವೆಂದರೆ ಆ ಎರಡು ಮಾತ್ರೆಗಳು ಒಂದಕ್ಕೊಂದು ಪೂರಾ ಎದುರಾಳಿಗಳು. ನೋವು ಬರಿಸುವ ಮಾತ್ರೆ ಪ್ರೊಸ್ಟಗ್ಲಾಂಡಿನ್ನಿನದೇ ನಕಲು. ಮಂಡಿ ಮಾತ್ರೆ ಪ್ರೊಸ್ಟಗ್ಲಾಂಡಿನ್ ಹುಟ್ಟದಂತೆ ತಡೆಯುವುದು. ನಾವು ಎರಡಕ್ಕೂ ಒಂದೇ ಹೆಸರಿಟ್ಟು ಕೂತಿದ್ದೇವೆ.

ಸ್ಟ್ರಿಪ್ಪನ್ನು ನಾನು ವಾಪಸ್ಸು ಕೊಡಲಿಲ್ಲ. ಮಂಡಿ ಮಾತ್ರೆಯಿಂದಲೇ ಒಳಗಿನ ನೀರು ಬತ್ತಿದ್ದು ಎಂದು ಹೇಳಿದಾಗ ಚಿಕ್ಕತಾಯಮ್ಮ ನೆಲದ ಮೇಲೆ ಕೂತುಬಿಟ್ಟರು. ಮೈಸೂರಿಗೆ ಫೋನ್ ಮಾಡಿದೆ. ‘ಸಿಕ್ಕಿತಾ ಮೇಡಂ? ಥ್ಯಾಂಕ್ ಗಾಡ್. ಹಾಗಾದರೆ ಬೆಡ್ ಹಾಗೇ ಇರಲಿ, ಆದರೆ ಕೊಯ್ಯೋದು ಬೇಡ. ಮಾತ್ರೆ ನಿಲ್ಲಿಸಿ ನೋಡೋಣ’ ಎಂದ. ಮರುದಿನ ರೂಪಾ ಅಲ್ಲಿಗೆ ಹೋಗಿ ಅಡ್ಮಿಟ್ ಆದಳು. ಸೊಂಟಕ್ಕೆ ಪ್ಯಾರಾಸಿಟಮಾಲ್, ಬಿಸಿನೀರಿನ ಶಾಖ, ಅಷ್ಟೇ. ಭಾನುವಾರದ ಎಕೋದಲ್ಲಿ ಡಕ್ಟಸ್ ಬಿಚ್ಚಿಕೊಂಡಿತ್ತು. ನೀರು ಆರಕ್ಕೆ ಏರಿತ್ತು. ಮುಂದಿನ ವಾರ ಹತ್ತು. ಅನುಷಾ ರಿಪೋರ್ಟನ್ನು ಮೊಬೈಲಿನಲ್ಲಿ ತೋರಿಸಿ, ‘ಮೇಡಂ, ಮಗು ಮೂತ್ರ ಮಾಡ್ತಿದೆ, ಪೀಯಿಂಗ್ ಲೈಕ್ ಎ ಚಾಂಪಿಯನ್!’ ಎಂದಳು.

ಮೂವತ್ತೆಂಟನೆಯ ವಾರ ನಮ್ಮಲ್ಲೇ ನಾರ್ಮಲ್ ಹೆರಿಗೆಯಾಯಿತು. ಹೆಣ್ಣುಮಗು, ಎರಡು ಮುಕ್ಕಾಲು ಕೆಜಿ. ಹೃದಯ ಸರಿಯಾಗಿತ್ತು. ಡಿಸ್ಚಾರ್ಜ್ ದಿನ ಚಿಕ್ಕತಾಯಮ್ಮ ನನ್ನ ರೂಮಿಗೆ ಒಬ್ಬರೇ ಬಂದು ಬಾಗಿಲು ಮುಂದಕ್ಕೆ ಮಾಡಿದರು.

‘ಒಂದ್ ಮಾತು ಏಳ್ತೀರಾ? ಮೊದ್ಲುನ್ ಬಸ್ರಲ್ಲೂ ಆ ಮಾತ್ರೆ ಕೊಟ್ಟಿದ್ದೆ. ಆ ಕೂಸು ಓದದ್ದೂ ನನ್ ಕೈಯಿಂದ್ಲೇನಾ?’

ಎಷ್ಟು ದಿನದಿಂದ ಇದನ್ನು ನುಂಗಿಕೊಂಡು ಓಡಾಡುತ್ತಿದ್ದರೋ. ಸಮಾಧಾನಕ್ಕೆಂದು ಹೇಳಿದ ಸುಳ್ಳು ಈ ಹೆಂಗಸಿಗೆ ಗೊತ್ತಾಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಯೋಚಿಸಿದಷ್ಟೂ, ಸುಳ್ಳಿನ ಅಗತ್ಯವೇ ಇರಲಿಲ್ಲ.

‘ಆ ಮಗು ಯಾಕೆ ಹೋಯಿತು ಅಂತ ನನಗೆ ಗೊತ್ತಿಲ್ಲ,’ ಎಂದೆ. ‘ಆದರೆ ಅದು ಹೋಗಿದ್ದು ನೋವು ಬಂದು. ನಿಮ್ಮ ಮಾತ್ರೆ ನೋವು ಬರಿಸೋದಲ್ಲ, ತಡೆಯೋದು. ಆ ಜಾತಿಯದೇ ಒಂದು ಮಾತ್ರೆಯನ್ನ, ದಿನ ತುಂಬೋಕೆ ಮುಂಚೆ ನೋವು ಬಂದವರಿಗೆ ನಾವೇ ಕೊಡ್ತೀವಿ, ನೋವು ನಿಲ್ಲಲಿ ಅಂತ. ಅವತ್ತಿನ ನೋವು ನೀವು ತಂದದ್ದಲ್ಲ.’

ಕಣ್ಣೀರು, ಕೈಮುಗಿಯುವುದು, ಇಂಥದ್ದೇನೋ ನಿರೀಕ್ಷಿಸಿ ನಾನು ಕುರ್ಚಿಯಲ್ಲಿ ಮುಜುಗರದಿಂದ ಮಿಸುಕಾಡಿದೆ.

‘ಇಷ್ಟ್ ಮಾತ್ನ ಅವತ್ತೇ ಏಳಕ್ಕೇನಾಗಿತ್ತು ನಿಮ್ಗೆ?’ ಎಂದು ಗದರಿದರು. ‘ನಂಗೇಳುದ್ರೆ ಆಯ್ತಾ? ಬಂದು ನಮ್ ಬೀದಿಲಿ ಏಳಿ. ಆಡ್ಕಂಡೋರೆಲ್ಲ ಕೇಳಿಸ್ಕಳ್ಳಿ.’

ಹೋದೆ. ಮಗುವಿಗೆ ಹೆಸರಿಡುವ ದಿನ ಮುಡುಕುತೊರೆ ದಾಟಿ ಆ ಹಳ್ಳಿಗೆ ಕಾರು ತಿರುಗಿಸಿದೆ. ಜಗಲಿಯ ಮೇಲೆ ನನಗೊಂದು ಪ್ಲಾಸ್ಟಿಕ್ ಕುರ್ಚಿ, ಸುತ್ತ ಚಾಪೆಯ ಮೇಲೆ ಬೀದಿಯ ಹೆಂಗಸರು. ಚಿಕ್ಕತಾಯಮ್ಮ ನನ್ನ ಪಕ್ಕ ನಿಂತು, ‘ಏಳಿ ಡಾಕ್ಟ್ರಮ್ಮ, ನಿದಾನ್ಕೆ ಏಳಿ’ ಎಂದು ಅಪ್ಪಣೆ ಕೊಟ್ಟರು. ಹೇಳಿದೆ. ನೋವು ಬರಿಸುವ ಮಾತ್ರೆ ಬೇರೆ, ಮಂಡಿ ಮಾತ್ರೆ ಬೇರೆ. ಈ ಮನೆಯವರು ಕೊಟ್ಟದ್ದು ಮಂಡಿ ಮಾತ್ರೆ, ಅದು ನೋವನ್ನು ತಡೆಯುತ್ತದೆಯೇ ಹೊರತು ತರುವುದಿಲ್ಲ, ಹೋದ ಸಲದ ಮಗು ಹೋದದ್ದಕ್ಕೂ ಇವರಿಗೂ ಸಂಬಂಧವಿಲ್ಲ. ಆದರೂ ಬಸುರಿಯರಿಗೆ ಮಂಡಿ ಮಾತ್ರೆ ಕೊಡಲೇಬೇಡಿ, ಒಳಗಿನ ಮಗುವಿನ ನೀರು ಬತ್ತುತ್ತದೆ, ಹೃದಯಕ್ಕೆ ಕಷ್ಟವಾಗುತ್ತದೆ. ಚಿಕ್ಕತಾಯಮ್ಮ ಒಬ್ಬೊಬ್ಬರ ಮುಖವನ್ನೂ ಸರದಿಯಂತೆ ನೋಡಿದರು. ಇಬ್ಬರು ಮೂವರು ತಲೆ ತಗ್ಗಿಸಿದರು.

ವೃತ್ತಿ ನನಗೆ ಕಲಿಸಿದ್ದೇನು ಎಂದು ಈಗಿನ ಹುಡುಗ ಹುಡುಗಿಯರು ಕೇಳುತ್ತಾರೆ. ನಮ್ಮ ಪ್ರಶ್ನೆ ನಮ್ಮ ಬಾಯಿಂದ ಹೊರಡುವಾಗ ಒಂದು, ಅವರ ಕಿವಿ ಸೇರುವಾಗ ಇನ್ನೊಂದು. ಉತ್ತರ ‘ಇಲ್ಲ’ ಎಂದು ಬಂದರೆ, ಅವರು ಯಾವ ಪ್ರಶ್ನೆಗೆ ಇಲ್ಲ ಎಂದರು ಎಂದು ನೋಡಿಕೊಳ್ಳಬೇಕು. ಇದನ್ನು ಕಲಿಯಲು ನನಗೆ ಒಂದು ಇಡೀ ಸರ್ವೀಸ್ ಸಾಲಲಿಲ್ಲ. ಕಲಿತುಬಿಟ್ಟೆ ಎಂದುಕೊಂಡು ಆ ಜಗಲಿಯ ಮೇಲೆ ಕಾಫಿ ಲೋಟ ಕೈಗೆತ್ತಿಕೊಂಡಾಗ, ಚಾಪೆಯ ಕೊನೆಯಲ್ಲಿ ಕೂತಿದ್ದ ಒಬ್ಬ ಹೆಂಗಸು, ಪಕ್ಕದಲ್ಲಿ ಏಳು ತಿಂಗಳ ಬಸುರಿ ಮಗಳನ್ನು ಕೂರಿಸಿಕೊಂಡವಳು, ಸೆರಗಿನ ಗಂಟು ಬಿಚ್ಚಿ ಒಂದು ಸ್ಟ್ರಿಪ್ ಮುಂದೆ ಹಿಡಿದಳು. ಅದೇ ಬಣ್ಣ, ಅದೇ ಡೈಕ್ಲೋಫೆನಾಕ್. ಮಗಳ ಊದಿದ ದವಡೆ ತೋರಿಸಿ ಕೇಳಿದಳು:

‘ಮೇಡಂ, ಇದು ಮಂಡೀದಲ್ಲ, ಅಲ್ಲುನ್ ಮಾತ್ರೆ. ಇದ್ನ ಕೊಡ್ಬೋದು ಅಲ್ವಾ?’

ಲೋಟ ಕೆಳಗಿಟ್ಟೆ. ಮತ್ತೆ ಮೊದಲಿನಿಂದ ಶುರು ಮಾಡಿದೆ.